ಸ್ವಭಾವಕ್ಕೆ ಇಟ್ಟ ಹೆಸರುಗಳು

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂತಹ ನೇಕಾರರ ಊರಿನಲ್ಲಿ ಮಗ್ಗದ ಸದ್ದಿನ ನಡುವೆಯೂ ಜನರು ಒಬ್ಬರನ್ನೊಬ್ಬರು ಅಳೆಯುವುದನ್ನು ಬಿಡುವುದಿಲ್ಲ. ಮುಂಗೋಪಿ, ಮೊಂಡ, ಜುಗ್ಗ, ಜಗಳಗಂಟಿ, ನಾಚಿಕೆಯವನು, ಬಾಯಿಬಡುಕಿ ಎಂಬ ಮಾತುಗಳು ಕನ್ನಡದಲ್ಲಿ ಸಾಲದೆಹೋದರೆ ಗಡಿಯಾಚೆಯ ತೆಲುಗಿನಿಂದ ಬಂದು ಸೇರುತ್ತವೆ. ಹೆಣ್ಣು ನೋಡಲು ಹೊರಟವರು ಮೊದಲು ವಿಚಾರಿಸುವುದೂ ‘ಸ್ವಭಾವ ಹೇಗೆ?’ ಎಂದೇ. ಈ ಹಳೆಯ ಪದಕೋಶಕ್ಕೆ ಈಚಿನ ವರ್ಷಗಳಲ್ಲಿ ‘ವ್ಯಕ್ತಿತ್ವ ದೋಷ’ ಎಂಬ ಹೊಸ ನುಡಿಯೊಂದು ಸೇರಿಕೊಂಡಿದೆ. ಅದು ಮನೋವೈದ್ಯರ ಕೋಣೆಯಿಂದ ಹೊರಬಿದ್ದು ಪತ್ರಿಕೆಗಳ ಅಂಕಣಗಳನ್ನು ಹಾದು, ಅತ್ತೆ ಸೊಸೆಯರ ವಾಗ್ವಾದದವರೆಗೂ ಬಂದಿದೆ. ಈ ನುಡಿಯ ಹಿಂದಿರುವ ಸಂಶೋಧನೆ ಎಂಥದು, ಅದಕ್ಕೆ ನಾವು ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಪರಿಶೀಲಿಸುವುದು ಉಚಿತ.

ಕನ್ನಡದಲ್ಲಿ ಮನಸ್ಸಿನ ಕುರಿತು ಬರೆದವರಿಗೆ ಕೊರತೆಯಿಲ್ಲ. ‘ಕೊರವಂಜಿ’ಯ ಸಂಪಾದಕರಾಗಿ ನಗಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕಿರುಹೊತ್ತಗೆಗಳು ಎಷ್ಟೋ ಮನೆಗಳನ್ನು ತಲುಪಿವೆ. ಆದರೆ ಅಳೆಯುವ ವಿದ್ಯೆಯ ಒಳಗುಟ್ಟು ಸಾಮಾನ್ಯ ಓದುಗರಿಗೆ ದೊರೆತದ್ದು ಕಡಿಮೆ ಎಂದೇ ನನ್ನ ಭಾವನೆ.

ಈ ವಿದ್ಯೆ ಆರಂಭವಾದದ್ದು ನಿಘಂಟಿನಿಂದ. 1936ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟೊಂದನ್ನು ಜಾಲಾಡಿ, ಮನುಷ್ಯರ ನಡುವಣ ಭೇದವನ್ನು ಹೇಳುವ 17,953 ಪದಗಳನ್ನು ಹೆಕ್ಕಿದರು. ಅವನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಿದಾಗ ಸ್ಥಿರವಾದ ಗುಣಗಳೆನ್ನಬಹುದಾದವು ದೊರೆತದ್ದು 4,504 ಮಾತ್ರ. ಎಲ್ಲಕ್ಕಿಂತ ಉದ್ದವಾದ ಪಟ್ಟಿ ಯಾವುದು ಗೊತ್ತೇ? ಗುಣವನ್ನು ವರ್ಣಿಸದೆ ಬರೀ ತೀರ್ಪು ನೀಡುವ, ಹೊಗಳುವ ಇಲ್ಲವೇ ತೆಗಳುವ 5,226 ಪದಗಳ ಪಟ್ಟಿ! ರೆವರೆಂಡ್ ಕಿಟ್ಟೆಲ್ ಅವರು 1894ರಲ್ಲಿ ಹೊರತಂದ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಹಿಡಿದು ಯಾರಾದರೂ ಕುಳಿತರೆ ಫಲ ಬೇರೆಯಾದೀತೆಂದು ನನಗೆ ಅನಿಸುವುದಿಲ್ಲ.

ಆ ಪದರಾಶಿಯನ್ನೇ ಗಣಿತದ ಜರಡಿಯಲ್ಲಿ ಸೋಸಿ, 1980ರ ದಶಕದ ವೇಳೆಗೆ ‘ಐದು ಮಹಾಗುಣ’ಗಳ ಸಿದ್ಧಾಂತವನ್ನು ಕಟ್ಟಲಾಯಿತು: ಬಹಿರ್ಮುಖತೆ, ಸೌಜನ್ಯ, ಕರ್ತವ್ಯನಿಷ್ಠೆ, ಭಾವನೆಗಳ ಏರುಪೇರು, ಹೊಸತಿಗೆ ತೆರೆದ ಮನಸ್ಸು. ಇದು ಸಕಲ ಮಾನವರಿಗೂ ಅನ್ವಯಿಸುವುದೆಂಬ ಆತ್ಮವಿಶ್ವಾಸ ಬಹುಕಾಲ ನಡೆಯಿತು. 2013ರಲ್ಲಿ ಬೊಲಿವಿಯದ ಕಾಡಂಚಿನಲ್ಲಿ ಬೇಟೆ, ಬೇಸಾಯಗಳಿಂದ ಬಾಳುವ ಚಿಮಾನೆ ಜನರಲ್ಲಿ 632 ಮಂದಿಯನ್ನು ಪರೀಕ್ಷಿಸಿದಾಗ ಈ ಐದು ಗುಣಗಳ ಚೌಕಟ್ಟು ನಿಲ್ಲಲಿಲ್ಲ. ಅದೇ ವರ್ಷ ಪ್ರಕಟವಾದ ಹಿಂದಿ ಗುಣವಾಚಕಗಳ ಅಧ್ಯಯನದಲ್ಲಿ ಎದ್ದು ಕಂಡದ್ದು ಐದಲ್ಲ. ಸಾತ್ವಿಕ, ರಾಜಸ, ತಾಮಸಗಳನ್ನು ನೆನಪಿಸುವ ಮೂರು. ಓದು, ನಗರ, ಸಂಬಳದ ನೌಕರಿಗಳ ಲೋಕದಲ್ಲಿ ಹುಟ್ಟಿದ ಅಳತೆಗೋಲು ಮಗ್ಗದ ಮನೆಯನ್ನು ಅಳೆಯುವಾಗ ತುಸು ನಮ್ರವಾಗಿರಬೇಕು.

ಇನ್ನು ಗುಣದಿಂದ ವ್ಯಾಧಿಗೆ ಬರೋಣ. ಅಮೆರಿಕದ ಮನೋವೈದ್ಯರ ಸಂಘವು 1980ರ ತನ್ನ ಕೈಪಿಡಿಯಲ್ಲಿ ವ್ಯಕ್ತಿತ್ವದ ತೊಂದರೆಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟು, ಅವನ್ನು ಜಾತಿಗಳಂತೆ ವಿಂಗಡಿಸಿತು: ಶಂಕಾಪ್ರವೃತ್ತಿಯವರು, ಸಮಾಜವಿರೋಧಿಗಳು, ಪರಾವಲಂಬಿಗಳು ಹೀಗೆ. ಇದರಲ್ಲಿ ಕನ್ನಡಕ್ಕೂ ಒಂದು ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆಯು ಈ ತೊಂದರೆಗಳನ್ನು ಗುರುತಿಸಲು ಒಂದು ಸಂದರ್ಶನ ಕ್ರಮವನ್ನು ರೂಪಿಸಿ, 11 ದೇಶಗಳ 14 ಕೇಂದ್ರಗಳಲ್ಲಿ 716 ರೋಗಿಗಳ ಮೇಲೆ ಪ್ರಯೋಗಿಸಿ, 1994ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆ ಕೇಂದ್ರಗಳಲ್ಲಿ ಬೆಂಗಳೂರೂ ಒಂದು, ನಿಮ್ಹಾನ್ಸ್‌ನ ಡಾ. ಎಸ್.ಎಂ. ಚನ್ನಬಸವಣ್ಣನವರು ಲೇಖಕರಲ್ಲಿ ಒಬ್ಬರು. ಪ್ರಶ್ನೆಗಳು ಕನ್ನಡಕ್ಕೂ ಬಂದವು. ಕೆಲಸ, ತನ್ನತನ, ಸಂಬಂಧಗಳು, ಭಾವನೆಗಳು, ವಾಸ್ತವದ ಅರಿವು, ಆವೇಗದ ಹತೋಟಿ ಎಂಬ ಆರು ವಿಭಾಗಗಳಲ್ಲಿ ಅವು ಹರಡಿಕೊಂಡಿವೆ. ಈ ಕ್ರಮದ ಒಂದು ನಿಯಮ ಮೆಚ್ಚತಕ್ಕದ್ದು: ಒಂದು ನಡತೆ ಕನಿಷ್ಠ ಐದು ವರ್ಷ ನಿಂತಿರಬೇಕು, ಅದರ ಕುರುಹು ಇಪ್ಪತ್ತೈದನೆಯ ವಯಸ್ಸಿಗೆ ಮುನ್ನ ಕಂಡಿರಬೇಕು. ಸಾಲದ ಬಾಧೆಯಲ್ಲಿ ಆರು ತಿಂಗಳು ಸಿಡಿಮಿಡಿಗೊಂಡವನಿಗೆ ಈ ಹೆಸರು ಅಂಟಕೂಡದು ಎಂದರ್ಥ. ವಾರಪತ್ರಿಕೆಗಳ ‘ನಿಮ್ಮ ವ್ಯಕ್ತಿತ್ವ ತಿಳಿಯಿರಿ’ ಪ್ರಶ್ನಾವಳಿಗಳಿಗೆ ಈ ಸಂಯಮವಿಲ್ಲ.

ಹಾಗೆಂದು ಎಲ್ಲವೂ ಸರಿಯೆನ್ನಲಾರೆ. ಬದುಕಿನ ದೊಡ್ಡ ತೀರ್ಮಾನಗಳನ್ನು ಇತರರಿಗೆ ಬಿಟ್ಟುಕೊಡುವುದು ಪರಾವಲಂಬಿ ವ್ಯಕ್ತಿತ್ವದ ಒಂದು ಲಕ್ಷಣವೆಂದು ಕೈಪಿಡಿ ಹೇಳುತ್ತದೆ. ಕೂಡುಕುಟುಂಬದ ನೇಕಾರನು ರೇಷ್ಮೆ ಯಾರಲ್ಲಿ ಕೊಳ್ಳಬೇಕು, ಮಗಳನ್ನು ಎಲ್ಲಿಗೆ ಕೊಡಬೇಕು ಎಂಬುದನ್ನು ದೊಡ್ಡಪ್ಪನನ್ನು ಕೇಳದೆ ನಿರ್ಧರಿಸುವನೇ? ಕೇಳದೆ ನಿರ್ಧರಿಸಿದರೆ ಊರು ಅವನನ್ನೇ ಅಹಂಕಾರಿ ಎಂದೀತು. ಆಯಾ ಸಮಾಜದ ನಿರೀಕ್ಷೆಯನ್ನು ಮೀರಿದ್ದನ್ನು ಮಾತ್ರ ಎಣಿಸಬೇಕೆಂದು ಕೈಪಿಡಿಯೇ ಎಚ್ಚರಿಸಿದೆ ನಿಜ. ಆದರೆ ಆ ಎಚ್ಚರಿಕೆಯನ್ನು ಪಾಲಿಸಲು ಎದುರಿಗೆ ಕುಳಿತ ವೈದ್ಯನಿಗೆ ಆ ಸಮಾಜದ ಪರಿಚಯವಿರಬೇಕಲ್ಲ!

ಹೊಸ ತಿರುವು ಬಂದದ್ದು 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ. ಹಳೆಯ ಜಾತಿಗಳನ್ನು ಅದು ಬಹುಮಟ್ಟಿಗೆ ಕೈಬಿಟ್ಟಿತು. ತೊಂದರೆ ಅಲ್ಪವೋ ಮಧ್ಯಮವೋ ತೀವ್ರವೋ ಎಂಬುದೇ ಈಗ ಮೊದಲ ಪ್ರಶ್ನೆ. ಗುಣಗಳ ಮಾತು ಆಮೇಲಿನದು. ರೋಗವೆನ್ನುವಷ್ಟು ಇಲ್ಲದ ಕಡೆ ‘ವ್ಯಕ್ತಿತ್ವದ ಕಷ್ಟ’ ಎಂಬ ಹಗುರವಾದ ಮೆಟ್ಟಿಲೊಂದಿದೆ. ಇದು ವಿವೇಕದ ಹೆಜ್ಜೆ. ನಾವು ಕನ್ನಡದಲ್ಲಿ ‘ದೋಷ’ವೆಂದು ಬರೆಯುತ್ತ ಬಂದದ್ದು ಮಾತ್ರ ದುರದೃಷ್ಟಕರ. ದೋಷವೆಂದೊಡನೆ ನಮ್ಮ ಕಿವಿಗೆ ಕೇಳುವುದು ಕುಜದೋಷ, ನಾಗದೋಷ, ಇಲ್ಲವೇ ಅಪರಾಧ. ‘ತೊಂದರೆ’ ಎಂದರೆ ಸಾಕಿತ್ತು.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಸಂಶೋಧನೆ ಅರ್ಧ ಒಪ್ಪುತ್ತದೆ. 152 ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿದ 2000ದ ಪರಿಶೀಲನೆಯ ಪ್ರಕಾರ ಗುಣಗಳು ಬಾಲ್ಯದಲ್ಲಿ ಸಡಿಲ, ಐವತ್ತು ದಾಟಿದ ಮೇಲೆ ಗಟ್ಟಿ. ಆದರೆ ಗಾದೆಗೆ ಬಲವಾದ ಪೆಟ್ಟು ಬಿದ್ದದ್ದು ಅತಿ ಕಠಿಣವೆಂದು ಹೆಸರಾದ ‘ಗಡಿರೇಖೆಯ ವ್ಯಕ್ತಿತ್ವ’ದಲ್ಲಿ. ಕ್ಷಣಕ್ಷಣಕ್ಕೂ ಹೊಯ್ದಾಡುವ ಮನಸ್ಸು, ತೊರೆಯಲ್ಪಡುವ ಭಯ, ತನ್ನ ದೇಹವನ್ನೇ ಗಾಯಗೊಳಿಸುವ ಆವೇಗ ಇದರ ಚಿಹ್ನೆಗಳು. ಅಮೆರಿಕದ ಮೇರಿ ಜನಾರಿನಿ ಆಸ್ಪತ್ರೆ ಸೇರಿದ್ದ ಇಂತಹ 290 ರೋಗಿಗಳನ್ನು ಹಿಂಬಾಲಿಸಿದರು. ಹತ್ತು ವರ್ಷಗಳಲ್ಲಿ ಶೇಕಡ 93 ಮಂದಿಗೆ ಕನಿಷ್ಠ ಎರಡು ವರ್ಷಗಳ ಕಾಲ ಚಿಹ್ನೆಗಳು ಶಮನಗೊಂಡಿದ್ದವು. ದುಡಿಮೆ, ಸ್ನೇಹಗಳೊಡನೆ ಪೂರ್ಣ ಚೇತರಿಕೆ ಕಂಡವರು ಅರ್ಧದಷ್ಟು ಮಾತ್ರ ಎಂಬುದನ್ನೂ ಮರೆಮಾಚಬಾರದು. ಇವರಿಗಾಗಿ ಚಿಕಿತ್ಸೆಯೊಂದನ್ನು ರೂಪಿಸಿದ ಮಾರ್ಷಾ ಲಿನಹನ್, ಹರೆಯದಲ್ಲಿ ತಾನೂ ಇದೇ ಸಂಕಟದಿಂದ ಆಸ್ಪತ್ರೆಯಲ್ಲಿ ಇದ್ದವಳೆಂದು 2011ರಲ್ಲಿ ಬಹಿರಂಗವಾಗಿ ಹೇಳಿದರು. ಷಿಕಾಗೋದ ಪ್ರಾರ್ಥನಾಲಯವೊಂದರಲ್ಲಿ ದೊರೆತ ಅನುಭವ ತನ್ನನ್ನು ಎತ್ತಿ ನಿಲ್ಲಿಸಿತೆಂದೂ ಆಕೆ ಹೇಳಿದ್ದಾರೆ. ಆದರೆ ರೋಗಿಗಳಿಗೆ ಆಕೆ ಕೊಟ್ಟದ್ದು ಬರಿಯ ಪ್ರಾರ್ಥನೆಯನ್ನಲ್ಲ. ವಾರವಾರವೂ ನಡೆಯುವ ಶಿಸ್ತಿನ ಅಭ್ಯಾಸವನ್ನು.

ನಮ್ಮ ಕುಟುಂಬಗಳಿಗೆ ಈ ವಿಷಯ ನೇರವಾಗಿ ತಾಗುವುದು ವಿವಾಹದಲ್ಲಿ. 1983ರ ಧರ್ಮಸಭೆಯ ಶಾಸನ ಸಂಹಿತೆಯ 1095ನೆಯ ವಿಧಿಯು, ಮಾನಸಿಕ ಸ್ವರೂಪದ ಕಾರಣದಿಂದ ದಾಂಪತ್ಯದ ಮೂಲ ಹೊಣೆಗಳನ್ನು ಹೊರಲಾರದವರ ವಿವಾಹ ಅಸಿಂಧು ಎನ್ನುತ್ತದೆ. ಕೈಪಿಡಿಯ ಹೆಸರೊಂದು ಸಿಕ್ಕಿತೆಂದ ಮಾತ್ರಕ್ಕೆ ಬಾಗಿಲು ತೆರೆಯಿತೆಂದು ಭಾವಿಸುವವರಿದ್ದಾರೆ. 1987ರಲ್ಲಿ ರೋಮಿನ ಧರ್ಮನ್ಯಾಯಾಲಯದವರನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ಎರಡನೆಯ ಜಾನ್ ಪಾಲ್, ಅಸಾಮರ್ಥ್ಯವೇ ಬೇರೆ, ಕಷ್ಟವೇ ಬೇರೆ ಎಂದು ಸ್ಪಷ್ಟಪಡಿಸಿದರು. ಮೂವತ್ತೈದು ವರ್ಷಗಳ ನಂತರ ವೈದ್ಯರ ವರ್ಗೀಕರಣವೂ ಹೆಸರಿಗಿಂತ ತೀವ್ರತೆಯನ್ನು ಮುಂದಿಟ್ಟದ್ದು ಗಮನಾರ್ಹ. ಇದರ ಮತ್ತೊಂದು ಮುಖವನ್ನೂ ನೋಡಬೇಕು. ಕೈಯೆತ್ತುವ ಗಂಡನ ಬಗ್ಗೆ ‘ಅವನ ಸ್ವಭಾವವೇ ಹಾಗೆ, ಸಹಿಸಿಕೊಳ್ಳಮ್ಮ’ ಎಂದು ಹೇಳುವ ಹಿರಿಯರು ಗಾದೆಯನ್ನೇ ವೈದ್ಯಶಾಸ್ತ್ರವೆಂದು ನಂಬಿದವರು. ಹೊಡೆತ ಹೊಡೆತವೇ; ಹೊಡೆದವನಿಗೆ ರೋಗದ ಹೆಸರಿದ್ದರೂ ಆಕೆಗೆ ರಕ್ಷಣೆ ಮೊದಲು ಬೇಕು.

ಸಂಶೋಧಕರ ಅಂಕಿಅಂಶಗಳಲ್ಲಿ ಬಸ್ಸಿನ ಚೀಟಿ ಕಾಣಿಸುವುದಿಲ್ಲ. ಲಿನಹನ್ ಪದ್ಧತಿಯನ್ನು ಪರೀಕ್ಷಿಸಿದ್ದು ವರ್ಷವಿಡೀ, ವಾರಕ್ಕೊಮ್ಮೆ ಒಬ್ಬರೊಡನೆ, ಮತ್ತೊಮ್ಮೆ ಗುಂಪಿನಲ್ಲಿ ನಡೆಸಿ. ಹೊಸಕೋಟೆಯಿಂದ ಬೆಂಗಳೂರಿಗೆ ಹಾಗೆ ಹೋಗಿ ಬರುವುದೆಂದರೆ ವಾರಕ್ಕೆರಡು ದಿನ ಮಗ್ಗ ನಿಂತಂತೆ, ಸೀರೆ ಮುಗಿಯುವುದು ತಡವಾದಂತೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉಚಿತವಾಗಿ ಮಾತನಾಡುವವರು ಸಿಗುತ್ತಾರೆ. ಮೊದಲ ಮಾತಿಗೆ ಅಷ್ಟು ಸಾಕು. ಆಮೇಲಿನ ಒಂದು ವರ್ಷದ ಮಾತುಕತೆಯನ್ನು ಪಾವಗಡದಲ್ಲಿಯೇ ನಡೆಸಬಲ್ಲವರನ್ನು ತಯಾರು ಮಾಡುವ ಕೆಲಸ ಇನ್ನೂ ಮುಂದಿದೆ.