ಹಂಡೆಯ ಬೆಲೆ ಅದರ ತೂಕವಲ್ಲ

ಬೆಳಗಾವಿಯ ಪೇಟೆಯಲ್ಲಿ ಹಳೇ ತಾಮ್ರದ ಹಂಡೆಗೆ ಬೆಲೆ ಕಟ್ಟುವುದು ಇಂದಿಗೂ ತಕ್ಕಡಿಯೇ. ಮಸಿ, ಬೆಸುಗೆ, ಹಿತ್ತಾಳೆಯ ಕಡಗ ಎಂದು ಒಂದಿಷ್ಟು ಕಡಿತ, ಉಳಿದದ್ದಕ್ಕೆ ಮೋಡಕಾ (ಗುಜರಿ) ದರ. ಅದೇ ಹಂಡೆ ಆಸಿಡ್‌ನಲ್ಲಿ ಮಿಂದು, ಬಫ್ ಹೊಡೆಸಿಕೊಂಡು ಹೋಟೆಲಿನ ಬಾಗಿಲಲ್ಲಿ ನಿಂತರೆ ‘ಆ್ಯಂಟಿಕ್’ ಆಗುತ್ತದೆ, ಬೆಲೆ ಹಲವು ಪಟ್ಟು ಏರುತ್ತದೆ. ಒಬ್ಬ ತೂಕ ನೋಡಿದ, ಇನ್ನೊಬ್ಬ ಹೊಳಪು ನೋಡಿದ. ಹಂಡೆಯನ್ನು ಇಬ್ಬರೂ ನೋಡಲಿಲ್ಲ ಎಂಬುದೇ ನನ್ನ ತಕರಾರು.

ಹಂಡೆಯನ್ನು ಬೋರಲು ಹಾಕಿ ತಳ ನೋಡಬೇಕು. ಖಾನಾಪುರ ಸೀಮೆಯ ಹಳೇ ಮನೆಗಳಲ್ಲಿ ಮಳೆಗಾಲವಿಡೀ ಬಚ್ಚಲ ಒಲೆಯ ಮೇಲೆ ಕೂತ ಹಂಡೆಯ ತಳದಲ್ಲಿ ಮಸಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಮೆಲ್ಲಗೆ ತಿಕ್ಕಿದರೆ ತಳವೂ ಮೈಯೂ ಕೂಡುವ ಜಾಗ ಕಾಣುತ್ತದೆ. ಕೈಕೆಲಸದ ಹಳೇ ಪಾತ್ರೆಗಳಲ್ಲಿ ತಗಡಿನ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಒಂದರ ಸಂದಿಗೆ ಇನ್ನೊಂದನ್ನು ಕೂಡಿಸಿ, ಬೆಸೆದು ಬಡಿದಿರುತ್ತಾರೆ. ಬೆಸುಗೆಯಲ್ಲಿ ಸತು ಬೆರೆತಿರುವುದರಿಂದ ಕೆಂಪು ತಾಮ್ರದ ನಡುವೆ ಹಳದಿ ಗೆರೆಯೊಂದು ಅಂಕುಡೊಂಕಾಗಿ ಓಡುತ್ತದೆ. ಯಂತ್ರದ ಮೇಲೆ ತಿರುಗಿಸಿ ತೆಗೆದ ಪಾತ್ರೆಗೆ ಈ ಗೆರೆ ಇಲ್ಲ, ಸಣ್ಣ ಸುತ್ತುಗೆರೆಗಳಿರುತ್ತವೆ. ಸುತ್ತಿಗೆ ಏಟನ್ನು ಯಂತ್ರವೂ ಒತ್ತಬಲ್ಲದು, ಆದರೆ ಆ ಏಟುಗಳೆಲ್ಲ ಒಂದೇ ಅಳತೆ. ಅಯಸ್ಕಾಂತ ಅಂಟಿದರಂತೂ ಅದು ತಾಮ್ರದ ನೀರು ಕುಡಿಸಿದ ಕಬ್ಬಿಣ.

ಕಿಲುಬನ್ನು ನಂಬಬೇಡಿ. ಉಪ್ಪು, ಹುಳಿ ಬಳಿದಿಟ್ಟರೆ ಹೊಸ ತಾಮ್ರವೂ ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ. ಕೈ ಹಿಡಿದು ಹಿಡಿದು ಕಂಠ ಸವೆದದ್ದನ್ನು ಮಾತ್ರ ಅಷ್ಟು ಸುಲಭವಾಗಿ ತಯಾರಿಸಲಾಗದು.

ಕಲಾಯಿಯ ವಿಷಯದಲ್ಲಿ ಸಂಗ್ರಾಹಕರು ವೃಥಾ ಹಿಂಜರಿಯುತ್ತಾರೆ. ಅಡುಗೆಯ ಬೋಗುಣಿಗೆ ಕಲಾಯಿ ಬೇಕೇ ಬೇಕು. ಇಲ್ಲದಿದ್ದರೆ ಹುಳಿ ಪದಾರ್ಥಕ್ಕೆ ತಾಮ್ರ ಬಿಟ್ಟುಕೊಂಡು ವಿಷವಾಗುತ್ತದೆ. ತವರ 232 ಡಿಗ್ರಿಗೆ ಕರಗುತ್ತದೆ, ತಾಮ್ರ 1,085ಕ್ಕೆ. ಹಾಗಾಗಿ ಕಾದ ಪಾತ್ರೆಗೆ ನವಸಾಗರ ಹಾಕಿ ತವರ ಸವರಿದರೆ ತಾಮ್ರಕ್ಕೆ ಧಕ್ಕೆಯಿಲ್ಲ. ಬಫ್ ಹಾಗಲ್ಲ, ಅದು ತಾಮ್ರವನ್ನೇ ಕೆರೆದು ತೆಗೆಯುತ್ತದೆ, ಜೊತೆಗೆ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರನ್ನೂ. ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು, ಈ ಗಡಿನಾಡಿನಲ್ಲಿ ಕನ್ನಡದಲ್ಲೂ ಇರಬಹುದು, ದೇವನಾಗರಿಯಲ್ಲೂ ಇರಬಹುದು. ಇಸವಿಯೂ ಇದ್ದರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ: ಶಕ 1840 ಎಂದಿದ್ದರೆ 78 ಕೂಡಿಸಿ 1918. ಹಳೇ ಪಾತ್ರೆಗೆ ಆಮೇಲೆ ಹೆಸರು ಹಾಕಿಸಿದ್ದೂ ಉಂಟು, ಹೀಗಾಗಿ ಬೆಸುಗೆಯನ್ನೂ ಹೆಸರನ್ನೂ ಕೂಡಿಸಿಯೇ ಓದಬೇಕು. ಇಂಥ ಪಾತ್ರೆ ಪುರಾವಸ್ತು ಎನಿಸಲು 1972ರ ಪುರಾವಸ್ತು ಕಾಯ್ದೆ ಕನಿಷ್ಠ 100 ವರ್ಷ ಕೇಳುತ್ತದೆ. ಬಫ್ ಚಕ್ರದಡಿ ಅಳಿಸಿಹೋಗುವುದು ಆ ಲೆಕ್ಕದ ಆಧಾರವೇ.

ತಳ ತೂತಾಗಿದ್ದರೂ ಹಲ್ಲುಬೆಸುಗೆ, ಹೆಸರು ಉಳಿದ ಹಂಡೆಗೆ ನಾನು ತೂಕದ ದರದ ಎರಡು ಪಟ್ಟು ಕೊಡಲು ಸಿದ್ಧ. ಬಫ್ ಹೊಡೆದು ಹೆಸರು ಕಳೆದುಕೊಂಡದ್ದಕ್ಕೆ ಮೋಡಕಾ ದರಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಸಲ್ಲದು.