ಅಟ್ಟಕ್ಕೆ ಹಾಕಿ, ಹೊಳೆಗಲ್ಲ

ಕಚೇರಿಯ ಮೇಜಿನ ಮೇಲೆ ದಾರ ಕಟ್ಟಿಸಿಕೊಂಡು ಕೂತಿರುವ ಕಾಗದದ ಕಟ್ಟಿಗೆ ನಾವು ಕಡತ ಅನ್ನುತ್ತೇವೆ. ಆದರೆ ಈ ಸೀಮೆಯ ವರ್ತಕರೂ ಮಠದ ಲೆಕ್ಕದವರೂ ಹಿಂದೆ ಕಡತ ಎನ್ನುತ್ತಿದ್ದದ್ದು ಬಟ್ಟೆಯ ಪುಸ್ತಕಕ್ಕೆ. ಗೇಣಗಲದ, 12ರಿಂದ 18 ಅಡಿ ಉದ್ದದ ಹತ್ತಿ ಬಟ್ಟೆ ತೆಗೆದುಕೊಂಡು, ಹುಣಸೆ ಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮೈಗೆ ಬಳಿದು ಒಣಗಿಸುತ್ತಿದ್ದರು. ಆಮೇಲೆ ಎಲ್ಲಿಯೂ ಕತ್ತರಿಸದೆ, ಒಂದೇ ಅಳತೆಯ ಮಡಿಕೆಗಳಾಗಿ ಹಿಂದೆ ಮುಂದೆ ಮಡಿಸಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ ಕೂರಿಸಿದರೆ ಕಡತ ಸಿದ್ಧ. ಬರೆಯುವುದು ಬಳಪದಲ್ಲಿ, ಕಪ್ಪು ಮೈಯ ಮೇಲೆ ಬಿಳಿಯ ಅಕ್ಷರ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಅಚ್ಚಾದ ಮೊದಲ ಸಂಪುಟದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಬಟ್ಟೆಯಿಂದ ಉಜ್ಜಿದರೆ ಅಳಿಸಿಹೋಗುವ ಬರಹ ಇದು, ಆದರೂ ಕಾಗದಕ್ಕಿಂತ ಹೆಚ್ಚು ಬಾಳುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಈ ‘ಆದರೂ’ ಇಂದಿನ ನನ್ನ ವಿಷಯ. ಒರೆಸಿ ಮತ್ತೆ ಬರೆಯಲೆಂದೇ ಮಾಡಿದ ಸಾಮಾನು ಹೀಗೆ ಬಾಳಿದ್ದು ಹೇಗೆ? ತುಂಬಿದ ಕಡತವನ್ನು ಒರೆಸುವ ಸೌಕರ್ಯ ಕೈಯಲ್ಲೇ ಇದ್ದರೂ ಯಾರೋ ಒರೆಸಲಿಲ್ಲ, ಕಟ್ಟಿ ಒಳಗಿಟ್ಟರು. ಶೃಂಗೇರಿ ಮಠದಲ್ಲಿ ಹಾಗೆ ಒಳಗಿಟ್ಟ ಕಡತಗಳೂ ಪತ್ರಗಳೂ ಉಳಿದವು. 1791ರಲ್ಲಿ ಮರಾಠರ ದಂಡಿನ ಜೊತೆ ಬಂದವರು ಮಠವನ್ನು ದೋಚಿದ ಮೇಲೆ ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಕಾಗದಗಳು, 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು ಆ ಕಟ್ಟುಗಳಲ್ಲಿ. ನಡುವಿನ 125 ವರ್ಷ ಅವು ದಿನದ ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ.

ಬರೆಯುವವರ ಮುಂದೆ, ಬರಹ ಕೂಡಿಡುವವರ ಮುಂದೆ ಯಾವಾಗಲೂ ಬಂದು ನಿಲ್ಲುವ ಪ್ರಶ್ನೆ ಇದು: ಹಳತಾದದ್ದನ್ನು, ಈಗ ನಾವೇ ಒಪ್ಪದ್ದನ್ನು, ತಪ್ಪೆಂದು ತಿಳಿದದ್ದನ್ನು ಏನು ಮಾಡುವುದು? ಎದುರಿಗೇ ಇಟ್ಟುಕೊಂಡರೆ ಹೊಸದಕ್ಕೆ ಜಾಗವಿಲ್ಲ, ಓದುವವರಿಗೂ ಗೊಂದಲ. ಹಾಗೆಂದು ಹರಿದು ಹಾಕುತ್ತೇವೆ, ಒಂದು ಗುಂಡಿ ಒತ್ತಿ ಅಳಿಸುತ್ತೇವೆ. ಎರಡಕ್ಕೂ ನಡುವೆ ಒಂದು ದಾರಿಯಿದೆ, ಅದನ್ನು ನಮ್ಮ ಗ್ರಂಥ ಸಂಪಾದಕರು ಬಹಳ ಚೆನ್ನಾಗಿ ತಿದ್ದಿ ಕೊಟ್ಟಿದ್ದಾರೆ ಎಂಬುದು ನನ್ನ ವಾದ. ಕಣ್ಣೆದುರಿನಿಂದ ತೆಗೆಯಿರಿ, ಆದರೆ ಅದರ ವಿಳಾಸ ಉಳಿಸಿ ತೆಗೆಯಿರಿ.

ಇದರ ಅತ್ಯುತ್ತಮ ಮಾದರಿ ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತ. 1919ರಲ್ಲಿ ಹಿಡಿದ ಕೆಲಸ 1966ಕ್ಕೆ ಮುಗಿಯಿತು. 1,259 ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು, ಎಲ್ಲ ಪರಂಪರೆಗಳಿಗೂ ಹಿಂದಿದ್ದಿರಬಹುದಾದ ಪಾಠವನ್ನು ಶ್ಲೋಕ ಶ್ಲೋಕವಾಗಿ ಗೊತ್ತುಮಾಡಿದರು. ಗೊತ್ತುಮಾಡುವುದೆಂದರೆ ಬಿಡುವುದೂ ಹೌದು, ಹಾಗೆ ಬಿಟ್ಟದ್ದು ಸಾವಿರಾರು ಸಾಲು. ವ್ಯಾಸರು ಹೇಳುತ್ತ ಹೋದಂತೆ ಗಣಪತಿ ಬರೆದುಕೊಂಡ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದಿಪರ್ವವನ್ನು ಸಂಪಾದಿಸಿದ ವಿ.ಎಸ್. ಸುಕ್ಥಂಕರರಿಗೆ ಅದು ಮೂಲದ್ದಲ್ಲ ಎನ್ನಿಸಿತು, ಮುಖ್ಯ ಪಾಠದಿಂದ ತೆಗೆದರು. ತೆಗೆದು ಎಲ್ಲಿಟ್ಟರು ಎಂಬುದನ್ನು ನೋಡಬೇಕು. ಸಂಪುಟದ ಕೊನೆಯ ಅನುಬಂಧದಲ್ಲಿ, ಸಂಖ್ಯೆ ಕೊಟ್ಟು, ಯಾವ ಯಾವ ಪ್ರತಿಯಲ್ಲಿ ಎಲ್ಲಿ ಬರುತ್ತದೆ ಎಂಬ ಗುರುತಿನ ಜೊತೆಗೆ ಇಟ್ಟರು. ಒಂದೆರಡು ಸಾಲಿನ ತುಣುಕಾದರೆ ಅದೇ ಪುಟದ ಅಡಿಯಲ್ಲಿ, ಒಂದು ನಕ್ಷತ್ರ ಚಿಹ್ನೆ ಹಾಕಿ ಅಚ್ಚು ಮಾಡಿದರು. ಪುಟದ ಮೇಲುಭಾಗದಲ್ಲಿ ಸಂಪಾದಕರ ತೀರ್ಪು, ಕೆಳಗೆ ಆ ತೀರ್ಪನ್ನು ಮುರಿಯಲು ಬೇಕಾದ ಸಾಕ್ಷ್ಯವೆಲ್ಲ. ತಮ್ಮ ನಿರ್ಧಾರದ ಮೇಲೆ ಮೇಲ್ಮನವಿ ಹಾಕುವ ಹಕ್ಕನ್ನು ಓದುಗರಿಗೆ ಹೀಗೆ ಪುಟಪುಟದಲ್ಲೂ ಕೊಟ್ಟ ವಿದ್ವಾಂಸರನ್ನು ನೆನೆದಾಗ ನನಗೆ ಕೈಮುಗಿಯುವಂತಾಗುತ್ತದೆ.

ಕನ್ನಡದವರಿಗೆ ಆ ಅಡಿಭಾಗ ಎಷ್ಟು ಬೇಕು ಎಂಬುದಕ್ಕೆ ಒಂದೇ ಪ್ರಸಂಗ ಸಾಕು. ಸಭಾಪರ್ವದ ಸಂಪಾದಕ ಫ್ರಾಂಕ್ಲಿನ್ ಎಡ್ಜರ್ಟನ್, ತುಂಬಿದ ಸಭೆಯಲ್ಲಿ ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವ ಭಾಗವನ್ನು ಮುಖ್ಯ ಪಾಠದಿಂದ ಬಿಟ್ಟರು. ಪುಣೆಯ ಶುದ್ಧ ಪಾಠದಲ್ಲಿ ಸೀರೆ ಬೆಳೆಯುತ್ತದೆ, ಕರೆದ ಮೊರೆ ಇಲ್ಲ. ಈಗ 15ನೇ ಶತಮಾನದ ಗದುಗಿಗೆ ಬನ್ನಿ. ಕುಮಾರವ್ಯಾಸನ ಸಭಾಪರ್ವದಲ್ಲಿ ಆ ಮೊರೆಯೇ ಪ್ರಸಂಗದ ಜೀವ. ಗಮಕಿಗಳು ಅಲ್ಲಿಗೆ ಬಂದಾಗ ಕೇಳುವವರ ಕಣ್ಣು ತುಂಬುವುದು ಆ ಕಾರಣಕ್ಕೆ. ಕುಮಾರವ್ಯಾಸನಿಗೆ ಸಿಕ್ಕಿದ್ದ ಭಾರತ ಯಾವುದು, ಅವನು ಹೊಸದಾಗಿ ತಂದದ್ದೆಷ್ಟು, ಆಗಲೇ ಜನರ ಬಾಯಲ್ಲಿದ್ದದ್ದೆಷ್ಟು ಎಂದು ಅಳೆಯಬೇಕಾದರೆ ಪುಣೆಯ ಮೇಲುಪಾಠ ಕೆಲಸಕ್ಕೆ ಬರುವುದಿಲ್ಲ, ನಕ್ಷತ್ರ ಹಾಕಿದ ಸಾಲುಗಳನ್ನೇ ತೆರೆಯಬೇಕು. ಪ್ರಕ್ಷೇಪ ಎಂದು ಕೆಳಗಿಳಿಸಿದ ಸಾಲುಗಳೇ ಶತಮಾನಗಳ ಕಾಲ ಜನ ಓದಿದ, ಕೇಳಿದ, ಅತ್ತ ಭಾರತ. ಮೂಲ ಯಾವುದು ಎಂದು ಕೇಳಿದವರಿಗೆ ಅವು ಬೇಡವಾದವು; ಮೂಲ ಹೇಗೆ ಬೆಳೆಯಿತು ಎಂದು ಕೇಳುವವರಿಗೆ ಅವೇ ಬೇಕಾದವು. ಮುಂದೆ ಬರುವವರು ಯಾವ ಪ್ರಶ್ನೆ ಹಿಡಿದು ಬರುತ್ತಾರೆ ಎಂದು ತೆಗೆಯುವ ಹೊತ್ತಿನಲ್ಲಿ ನಮಗೆ ಗೊತ್ತಿರುವುದಿಲ್ಲ. ಅಳಿಸಬಾರದು ಎನ್ನುವುದಕ್ಕೆ ನನ್ನ ಮುಖ್ಯ ಆಧಾರ ಇದು, ಹಳೆಯದರ ಮೇಲಿನ ಮೋಹ ಆಮೇಲಿನ ಮಾತು.

ನಮ್ಮಲ್ಲಿ ಇದಕ್ಕೆ ಎದುರಾದ ವಾಡಿಕೆಯೂ ಇತ್ತು. ಜೀರ್ಣವಾದ ಓಲೆಗ್ರಂಥವನ್ನು ಹೊಸ ಗರಿಗಳಿಗೆ ಪ್ರತಿ ಮಾಡಿಕೊಂಡ ಮೇಲೆ ಹಳೆಯದನ್ನು ಹೊಳೆಗೆ ಬಿಡುವುದು. ಅದರಲ್ಲಿ ಅನಾದರ ಇರಲಿಲ್ಲ, ಭಕ್ತಿಯೇ ಇತ್ತು. ಅಕ್ಷರವನ್ನು ಕಸಕ್ಕೆ ಹಾಕಬಾರದೆಂಬ ಭಕ್ತಿ. ಆದರೆ ಅದರಿಂದ ಆದ ನಷ್ಟ ತೀರದ್ದು. ಹಳೆಯ ಕನ್ನಡ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಕ್ಕೆ ಬೇರೆ ಬೇರೆ ಗುರುತಿಲ್ಲ. ‘ತೊಡು’ ಎಂದರೂ ‘ತೋಡು’ ಎಂದರೂ ಗರಿಯ ಮೇಲೆ ಒಂದೇ ರೂಪ. ಉಡುವುದೋ ಅಗೆಯುವುದೋ ಎಂಬುದನ್ನು ಸಂದರ್ಭ ನೋಡಿ ಓದುವವರು ತೀರ್ಮಾನಿಸಬೇಕು. ಕಾಗದಕ್ಕೆ ಇಳಿಸುವವನು ದೀರ್ಘ ಹಾಕಿ ಬರೆದನೆಂದರೆ ಅವನ ಊಹೆ ಕವಿಯ ಮಾತಾಗಿ ನಿಂತುಬಿಡುತ್ತದೆ. ಓಲೆ ಉಳಿದಿದ್ದರೆ ಇನ್ನೊಬ್ಬರು ನೋಡಿ ತಿದ್ದಬಹುದು. ಓಲೆ ಹೊಳೆಗೆ ಹೋಗಿದ್ದರೆ ತಪ್ಪು ನಡೆದಿದೆ ಎಂಬುದೇ ತಿಳಿಯುವುದಿಲ್ಲ.

ಇದು ಓಲೆಯ ಕಾಲಕ್ಕೆ ಮುಗಿದ ಕಥೆ ಎನ್ನುವವರು ತಮ್ಮ ಕಂಪ್ಯೂಟರಿನ ಹಳೆಯ ಕಡತಗಳನ್ನು ಒಮ್ಮೆ ತೆರೆದು ನೋಡಲಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದವರು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಲಕ್ಷಗಟ್ಟಲೆ ಪುಟ ಟೈಪು ಮಾಡಿದ್ದಾರೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ಹಾಗಾಗಿ ಎಲ್ಲರೂ ಪರಿವರ್ತಕಗಳ ಮೂಲಕ ಯೂನಿಕೋಡಿಗೆ ಬದಲಾಯಿಸಿಕೊಳ್ಳುತ್ತಾರೆ, ಸರಿಯಾದ ಕೆಲಸ. ಆದರೆ ‘ಕರ್ಮ’ ಎಂಬ ಪುಟ್ಟ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿದೆ: ಮೊದಲು ಕ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ, ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಆ ಒತ್ತನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು. ಒತ್ತಕ್ಷರ, ಗುಣಿತ ಸೇರಿಕೊಂಡಲ್ಲಿ ಎಡವಿದರೆ ಅರ್ಕಾವೊತ್ತು ಪಕ್ಕದ ಅಕ್ಷರದ ತಲೆಯ ಮೇಲೆ ಹೋಗಿ ಕೂರುತ್ತದೆ. ಮೊದಲೇ ಯಾರಾದರೂ ಒಂಬತ್ತರ ಅಂಕಿಯನ್ನು ಅರ್ಕಾವೊತ್ತಿನ ಬದಲು ಒತ್ತಿದ್ದರೆ ‘ಕಮ೯’ ಎಂದೇ ಉಳಿಯುತ್ತದೆ. ನೂರು ಪುಟದ ಬರಹದಲ್ಲಿ ಇಂಥವನ್ನು ಒಂದೇ ಓದಿಗೆ ಹಿಡಿಯುವುದು ಸಾಧ್ಯವಿಲ್ಲ. ಬದಲಾಯಿಸಿಕೊಂಡ ಮರುಕ್ಷಣ ಮೂಲವನ್ನು ಅಳಿಸುವವರು, ಗೊತ್ತಿಲ್ಲದೆ, ಓಲೆಯನ್ನು ಹೊಳೆಗೆ ಬಿಟ್ಟವರ ಸಾಲಿನಲ್ಲಿ ನಿಲ್ಲುತ್ತಾರೆ. ಆ ಹಳೆಯ ಕಡತವನ್ನೂ ಅದಕ್ಕೆ ಬೇಕಾದ ಫಾಂಟನ್ನೂ ಜೊತೆಗೇ ಎತ್ತಿಡಬೇಕು. ಫಾಂಟಿಲ್ಲದ ಕಡತ ಬೀಗದ ಕೈ ಕಳೆದ ಪೆಟ್ಟಿಗೆ.

ಲೇಖಕರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಗೌರವದಿಂದ ಕೇಳಬೇಕಾದ ಆಕ್ಷೇಪ. ಇದು ನನ್ನ ಬರಹ, ಎಳಸಾಗಿದ್ದಾಗ ಬರೆದದ್ದು, ಈಗ ನನಗೇ ಒಪ್ಪಿಗೆಯಿಲ್ಲ, ಅದನ್ನು ಇಲ್ಲವಾಗಿಸುವ ಹಕ್ಕು ನನಗಿಲ್ಲವೇ? ನಿರಾಕರಿಸುವ ಹಕ್ಕು ಪೂರ್ತಿಯಾಗಿ ಇದೆ ಎನ್ನುತ್ತೇನೆ. ಮರುಮುದ್ರಣ ಬೇಡ ಎನ್ನಬಹುದು, ಸಂಕಲನಕ್ಕೆ ಸೇರಿಸದೆ ಇರಬಹುದು, ಇದು ಈಗ ನನ್ನ ಅಭಿಪ್ರಾಯವಲ್ಲ ಎಂದು ನೆತ್ತಿಯ ಮೇಲೇ ಬರೆಯಬಹುದು. ಕುವೆಂಪು ಅವರ ಮೊದಲ ಪ್ರಕಟಿತ ಕವಿತೆಗಳು ಇಂಗ್ಲಿಷಿನವು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಕಿರುಹೊತ್ತಿಗೆಯಾಗಿ ಬಂದವು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿನ್ನ ಭಾಷೆಯಲ್ಲಿ ಬರೆ ಎಂದದ್ದು, ಯುವಕ ಪುಟ್ಟಪ್ಪ ಕನ್ನಡಕ್ಕೆ ಹೊರಳಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಹೊತ್ತಿಗೆಯನ್ನು ಕವಿ ಹೆಸರಿಲ್ಲದಂತೆ ಮಾಡಲಿಲ್ಲ, ಆತ್ಮಕಥೆಯಲ್ಲಿ ಅದರ ಪ್ರಸ್ತಾಪಕ್ಕೆ ಜಾಗ ಕೊಟ್ಟರು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕವಿ ಎಲ್ಲಿಂದ ಹೊರಳಿದರು ಎಂಬುದಕ್ಕೆ ಆ ಪುಟಗಳೇ ಸಾಕ್ಷಿ. ಅವು ಇಲ್ಲದಿದ್ದರೆ ಹೊರಳಿದ ಕಥೆ ಮಾತ್ರ ಉಳಿಯುತ್ತಿತ್ತು, ಹೊರಳಿದ ದೂರ ಎಷ್ಟೆಂದು ಅಳೆಯಲು ಏನೂ ಇರುತ್ತಿರಲಿಲ್ಲ.

ತಪ್ಪು ಮಾಹಿತಿಯ ವಿಷಯ ಬೇರೆ, ಅದನ್ನು ಉಳಿಸಿದರೆ ಓದಿದವರು ದಾರಿ ತಪ್ಪುತ್ತಾರೆ ಎಂಬ ಮಾತೂ ಇದೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂತು. ಹೊಸ ಶಾಸನಗಳು, ಹೊಸ ಪ್ರತಿಗಳು ಸಿಕ್ಕಂತೆ ಅದನ್ನು ಅವರೇ ತಿದ್ದಿ ಬೆಳೆಸಿ, 1924ರಲ್ಲಿ ಪರಿಷ್ಕರಿಸಿ ಹೊರತಂದರು. ಇವತ್ತು ಕವಿಗಳ ಕಾಲ ತಿಳಿಯಲು ಯಾರೂ 1907ರ ಮುದ್ರಣವನ್ನು ನೆಚ್ಚಬಾರದು, ನಿಜ. ಆದರೆ ಆ 17 ವರ್ಷಗಳಲ್ಲಿ ಕವಿಚರಿತೆಯನ್ನು ಆಧರಿಸಿ ಬರೆದವರು ನೋಡಿದ್ದು, ಪುಟ ಸಂಖ್ಯೆ ಕೊಟ್ಟದ್ದು ಹಳೆಯ ಮುದ್ರಣಕ್ಕೆ. ಅದನ್ನು ಕಪಾಟಿನಿಂದ ತೆಗೆದೆಸೆದ ಗ್ರಂಥಾಲಯದಲ್ಲಿ ಆ ಉಲ್ಲೇಖಗಳೆಲ್ಲ ಗಾಳಿಯಲ್ಲಿ ನಿಲ್ಲುತ್ತವೆ. ಅವರು ತಪ್ಪಿದರೋ, ಅವರು ನಂಬಿದ ಪುಸ್ತಕ ತಪ್ಪಿತ್ತೋ ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. ಓದುಗ ದಾರಿ ತಪ್ಪುವುದು ಹಳೆಯದು ಇರುವುದರಿಂದಲ್ಲ, ಅದು ಹಳೆಯದೆಂಬ ಗುರುತು ಮೇಲಿಲ್ಲದಿದ್ದಾಗ. ಪುಣೆಯ ಅನುಬಂಧದಲ್ಲಿ ಗಣಪತಿಯ ಕಥೆ ಓದಿದವರು ಯಾರೂ ಅದನ್ನು ಸಂಪಾದಕರು ಒಪ್ಪಿದ ಪಾಠವೆಂದು ತಿಳಿಯುವುದಿಲ್ಲ.

ಗುಡ್ಡೆ ಬೀಳುತ್ತದೆ ಎಂಬ ಆಕ್ಷೇಪ ನನಗೆ ಇವೆಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಎಲ್ಲವನ್ನೂ ಎತ್ತಿಟ್ಟು ಏನೂ ಸಿಗದಂತೆ ಮಾಡಿಕೊಂಡವರು ಕಳೆದುಕೊಂಡವರೇ. ‘ಇತರೆ’ ಎಂದು ಬರೆದು ಕಟ್ಟಿದ ಕಟ್ಟನ್ನು ಯಾರೂ ಬಿಚ್ಚುವುದಿಲ್ಲ. ಸಂಪಾದಕರೂ ಕಂಡದ್ದನ್ನೆಲ್ಲ ಹೊತ್ತುಕೊಳ್ಳುವುದಿಲ್ಲ. ನಮ್ಮೆದುರಿಗೇ ಇರುವ ಒಂದು ಪ್ರತಿಯಿಂದ ನೇರವಾಗಿ ನಕಲಾದ ಇನ್ನೊಂದು ಪ್ರತಿಯನ್ನು ಅವರು ಪಾಠ ನಿರ್ಣಯದಿಂದ ಹೊರಗಿಡುತ್ತಾರೆ, ಅದು ಹೊಸ ಸಾಕ್ಷ್ಯ ಹೇಳುವುದಿಲ್ಲವಾದ್ದರಿಂದ. ಅದೇ ನ್ಯಾಯದಲ್ಲಿ, ಒಂದೇ ಬರಹದ ಐದು ತದ್ರೂಪುಗಳಲ್ಲಿ ಮೂರನ್ನು ಅಳಿಸಿದರೆ ನನ್ನ ತಕರಾರಿಲ್ಲ. ಎರಡನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟರೆ ಆಯಿತು. ಬೇರೊಬ್ಬರ ಗುಟ್ಟು, ಕಾಯಿಲೆ, ಸಾಲ ಇಂಥವು ಸೇರಿಕೊಂಡ ಬರಹಗಳಲ್ಲೂ ನಾನು ಹಿಂದೆ ಸರಿಯುತ್ತೇನೆ. ಅದು ಬರೆದವರೊಬ್ಬರದೇ ಸೊತ್ತಲ್ಲ, ಸಂಬಂಧಪಟ್ಟವರು ಬೇಡವೆಂದರೆ ಅವರ ಮಾತು ನಡೆಯಬೇಕು. ಅವರು ಒಪ್ಪಿದರೆ ಮೊಹರು ಮಾಡಿ ಕಾಲ ನಿಗದಿ ಮಾಡುವ ಉಪಾಯ ಇದ್ದೇ ಇದೆ, ಪತ್ರಾಗಾರಗಳು ಹಾಗೆ ಮಾಡುತ್ತ ಬಂದಿವೆ.

ಉಳಿದದ್ದಕ್ಕೆಲ್ಲ ಬೇಕಾದದ್ದು ಒಂದು ಚೀಟಿ. ಕಾಗದದ ಕಟ್ಟಾದರೆ ದಾರದ ಕೆಳಗೆ, ಕಂಪ್ಯೂಟರಾದರೆ ಕಡತದ ಹೆಸರಿನಲ್ಲೇ ಅಥವಾ ಮೊದಲ ಪುಟದ ನೆತ್ತಿಯಲ್ಲಿ. ಏನು, ಯಾವಾಗಿನದು, ಯಾಕೆ ಸರಿಸಿದ್ದು, ಇದರ ಬದಲು ಏನು ನೋಡಬೇಕು ಎಂಬ ನಾಲ್ಕು ವಿವರ. ಮನೆಯಲ್ಲಿ ಅಜ್ಜನ ಕೈಬರಹದ ಕಟ್ಟಿದ್ದರೂ, ಸ್ವಂತ ಪುಸ್ತಕದ ಕರಡಿದ್ದರೂ ಇದೇ ಕ್ರಮ. ಬರೆದಿಡುವ ಸಾಲು ಹೀಗಿದ್ದರೆ ನಡೆಯುತ್ತದೆ: ‘ಊರಿನ ಕೆರೆಗಳ ಬಗ್ಗೆ, ಮೊದಲ ಕರಡು, 2011. ಮೂರನೇ ಅಧ್ಯಾಯದ ಇಸವಿಗಳು ತಪ್ಪು. ತಿದ್ದಿದ ಪ್ರತಿ 2014ರದು, ಪಕ್ಕದ ಕಟ್ಟಿನಲ್ಲಿದೆ. ತೂಬಿನ ವಿವರ ಇದರಲ್ಲಿ ಮಾತ್ರ ಇದೆ.’