ಹೆಗಲು ಬಲ್ಲ ಚೀಲ

ಕ್ಯಾಮೆರಾ ಚೀಲಗಳ ಬಗ್ಗೆ ಬರೆಯುವವರು ಡಾಮ್ಕಿ ಎಫ್-2ಗೆ ಒಂದು ಪ್ಯಾರಾ ತೆಗೆದಿಟ್ಟಿರುತ್ತಾರೆ. ಫಿಲ್ಮ್ ಕಾಲದ ಪತ್ರಿಕಾ ಛಾಯಾಗ್ರಾಹಕರನ್ನು ನೆನೆದು, ‘ಕ್ಲಾಸಿಕ್’ ಎಂದು ಹೊಗಳಿ, ಮರುಕ್ಷಣವೇ ‘ಆದರೆ ಇದರಲ್ಲಿ ಪ್ಯಾಡಿಂಗ್ ಇಲ್ಲ’ ಎಂದು ಮುಂದಿನ ಚೀಲಕ್ಕೆ ಹೋಗಿಬಿಡುತ್ತಾರೆ. ನನ್ನ ತಕರಾರಿರುವುದು ಆ ಹೊಗಳಿಕೆಯ ಬಗ್ಗೆಯೇ. ಎಫ್-2 ಹಳೆಯದು ಎಂಬ ಕಾರಣಕ್ಕೆ ಮರ್ಯಾದೆ ಕೊಟ್ಟು ಕಪಾಟಿಗೆ ಸೇರಿಸಬೇಕಾದ ವಸ್ತುವಲ್ಲ. ಒಂದು ಹೆಗಲ ಮೇಲೆ ಭಾರ ಹೊತ್ತು ದಿನವಿಡೀ ನಡೆಯುವುದು ಅಂದರೇನು ಎಂಬುದನ್ನು ಅದರಷ್ಟು ಸರಿಯಾಗಿ ಅರ್ಥಮಾಡಿಕೊಂಡ ಚೀಲ ಆಮೇಲೆ ಬಂದವುಗಳಲ್ಲಿ ತೀರ ಅಪರೂಪ. ಅದರ ದೋಷವೆಂದು ಎಲ್ಲರೂ ತೋರಿಸುವ ಆ ‘ಇಲ್ಲ’ವೇ ಅದರ ದೊಡ್ಡ ಗುಣ.

ಚರಿತ್ರೆ ಗೊತ್ತಿರುವುದೇ. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಛಾಯಾಗ್ರಾಹಕ ಜಿಮ್ ಡಾಮ್ಕಿ 1970ರ ದಶಕದ ಮಧ್ಯದಲ್ಲಿ ತನ್ನ ಕೆಲಸಕ್ಕೆಂದು ರೂಪಿಸಿಕೊಂಡ ಕ್ಯಾನ್ವಾಸ್ ಚೀಲ ಇದು. ಈಗ ಟಿಫೆನ್ ಕಂಪನಿಯ ಕೈಯಲ್ಲಿದೆ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ 1973ರಲ್ಲಿ ಮೀನು ಹಿಡಿಯುವವರ ಚೀಲ ಹೊಲಿಯುತ್ತ ಶುರುವಾಗಿ, ಆ ದಶಕದ ಕೊನೆಗೆ ನ್ಯೂಯಾರ್ಕಿನ ಛಾಯಾಗ್ರಾಹಕರು ತನ್ನ ಚೀಲಗಳನ್ನು ಕ್ಯಾಮೆರಾಕ್ಕೆ ಬಳಸುತ್ತಿದ್ದಾರೆಂದು ತಿಳಿದು ಈ ಕಡೆ ತಿರುಗಿತು. 2015ರಲ್ಲಿ ಪೀಕ್ ಡಿಸೈನ್ ತನ್ನ ಎವರಿಡೇ ಮೆಸೆಂಜರ್ ಚೀಲಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ 48 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿತು. ಅಂದಿನಿಂದ ‘ಕ್ಯಾಶುವಲ್ ಹೆಗಲ ಚೀಲ’ದ ಮಾತೆಲ್ಲ ಅದರ ಸುತ್ತಲೇ ತಿರುಗುತ್ತಿದೆ.

ಈಗ ಪಟ್ಟಿಗೆ ಬರೋಣ. ವಿಮರ್ಶಕರು ಒಂದೇ ಸಾಲಿನಲ್ಲಿ ಮುಗಿಸುವ ಎಫ್-2ರ ಪಟ್ಟಿಯಲ್ಲೇ ಇಡೀ ಚೀಲದ ತರ್ಕ ಅಡಗಿದೆ. ಎರಡು ಅಂಗುಲ, ಅಂದರೆ ಸುಮಾರು ಐದು ಸೆಂಟಿಮೀಟರ್ ಅಗಲದ ಹತ್ತಿಯ ನೇಯ್ಗೆ. ಅದರ ಉದ್ದಕ್ಕೂ ರಬ್ಬರಿನ ಎಳೆಗಳನ್ನು ಸೇರಿಸಿ ನೇಯ್ದಿದ್ದಾರೆ. ಪಟ್ಟಿ ಚೀಲದ ಎರಡು ಕಿವಿಗಳಿಗೆ ಬಂದು ನಿಲ್ಲುವುದಿಲ್ಲ. ಪಕ್ಕಗಳಲ್ಲಿ ಇಳಿದು, ತಳದ ಕೆಳಗೆ ಹಾದು, ಚೀಲವನ್ನು ಪೂರ್ತಿ ಸುತ್ತುತ್ತದೆ. ಬೆರಳಿನಿಂದ ಸವರಿದರೆ ಹತ್ತಿಯ ಒರಟಿನ ನಡುವೆ ರಬ್ಬರು ಸಣ್ಣಗೆ ತಡೆಯುವುದು ಗೊತ್ತಾಗುತ್ತದೆ. ಅಗಲ, ರಬ್ಬರು, ಸುತ್ತು: ಈ ಮೂರನ್ನೂ ಒಂದೊಂದಾಗಿ ನೋಡಬೇಕು.

ಮೊದಲು ರಬ್ಬರು. ಒಂದೇ ಹೆಗಲಿಗೆ ಚೀಲ ನೇತುಹಾಕಿಕೊಂಡವರಿಗೆ ಸಂಜೆ ಕುತ್ತಿಗೆ ಹಿಡಿದುಕೊಂಡರೆ ಎಲ್ಲರೂ ಬೈಯುವುದು ಭಾರವನ್ನು. ನಿಜವಾದ ತಪ್ಪು ಬಹಳ ಸಲ ಜಾರಿಕೆಯದು. ಮನುಷ್ಯನ ಹೆಗಲು ಸಮತಟ್ಟಲ್ಲ, ಕುತ್ತಿಗೆಯಿಂದ ಹೊರಕ್ಕೆ ಇಳಿಜಾರಾಗಿದೆ. ನುಣುಪಾದ ನೈಲಾನ್ ಪಟ್ಟಿ ಆ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಒಂದಿಷ್ಟು ಕೆಳಗೆ ಸರಿಯಲು ನೋಡುತ್ತದೆ. ಅದನ್ನು ತಡೆಯಲು ನಮಗೆ ತಿಳಿಯದ ಹಾಗೆಯೇ ನಾವು ಹೆಗಲನ್ನು ಮೇಲಕ್ಕೆತ್ತಿ ಹಿಡಿದಿರುತ್ತೇವೆ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ. ನೋವು ಹುಟ್ಟುವುದು ಅಲ್ಲಿ. ಯಾವುದಾದರೂ ಉತ್ಸವಕ್ಕೆ ಬಂದ ಹವ್ಯಾಸಿಗಳ ಗುಂಪನ್ನು ಹಿಂದಿನಿಂದ ಗಮನಿಸಿ: ಚೀಲ ಹೊತ್ತ ಹೆಗಲು ಇನ್ನೊಂದಕ್ಕಿಂತ ಮೇಲೆ ಇರುತ್ತದೆ, ಆಗಾಗ ಇನ್ನೊಂದು ಕೈ ಬಂದು ಪಟ್ಟಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಡಾಮ್ಕಿಯ ರಬ್ಬರಿನ ಎಳೆ ಮಾಡುವುದು ಒಂದೇ ಕೆಲಸ. ಪಟ್ಟಿ ಇಟ್ಟಲ್ಲೇ ಕೂರುತ್ತದೆ, ಹೆಗಲು ತನ್ನಷ್ಟಕ್ಕೆ ಇಳಿಯುತ್ತದೆ. ಭಾರ ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ, ಆದರೆ ಅದನ್ನು ಹೊರುವುದಕ್ಕೆ ಬೇಕಾದ ದುಡಿಮೆ ಕಡಿಮೆಯಾಗಿದೆ.

ಎರಡನೆಯದು ಅಗಲ. ಅದೇ ಭಾರ ಎರಡೂವರೆ ಸೆಂಟಿಮೀಟರ್ ಪಟ್ಟಿಯ ಮೇಲೆ ಬೀಳುವುದಕ್ಕೂ ಐದು ಸೆಂಟಿಮೀಟರ್ ಪಟ್ಟಿಯ ಮೇಲೆ ಬೀಳುವುದಕ್ಕೂ ಒತ್ತಡದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ವ್ಯತ್ಯಾಸ. ಇದನ್ನು ಬಲ್ಲ ತಯಾರಕರು ಪಟ್ಟಿಯನ್ನು ಕಿರಿದಾಗಿಯೇ ಬಿಟ್ಟು, ಅದರ ಮೇಲೆ ಅಗಲವಾದ ಮೆತ್ತೆಯೊಂದನ್ನು ಏರಿಸುತ್ತಾರೆ. ಕಾಗದದ ಮೇಲೆ ಎರಡೂ ಒಂದೇ. ಹೆಗಲ ಮೇಲೆ ಅಲ್ಲ. ಮೆತ್ತೆಗೆ ತನ್ನದೇ ಒಂದು ಜಾಗ ಇರುತ್ತದೆ. ಚೀಲವನ್ನು ಬೆನ್ನಿನಿಂದ ಹೊಟ್ಟೆಯ ಕಡೆಗೆ ತಿರುಗಿಸಿಕೊಂಡ ಕೂಡಲೇ ಅದು ಹೆಗಲು ಬಿಟ್ಟು ಬೆನ್ನಿಗೋ ಎದೆಗೋ ಸರಿದಿರುತ್ತದೆ, ಹೆಗಲಿಗೆ ಸಿಕ್ಕುವುದು ಬರೀ ಕಿರಿದಾದ ಪಟ್ಟಿ. ನಾನು ವರ್ಷಗಟ್ಟಲೆ ಹೊತ್ತ ದುಬಾರಿ ಚೀಲವೊಂದರ ಮೆತ್ತೆ ಎಷ್ಟು ಮೃದುವಾಗಿತ್ತೆಂದರೆ ಅಂಗಡಿಯಲ್ಲಿ ಒತ್ತಿ ನೋಡಿಯೇ ಕೊಂಡಿದ್ದೆ. ಬೀದಿಯಲ್ಲಿ ಅದು ಇರಬೇಕಾದಲ್ಲಿ ಇದ್ದ ಹೊತ್ತು ಕಡಿಮೆ. ಇಡೀ ಉದ್ದಕ್ಕೂ ಒಂದೇ ಅಗಲವಿರುವ ಪಟ್ಟಿಗೆ ಈ ತಂಟೆಯೇ ಇಲ್ಲ. ಅದರ ಯಾವ ಭಾಗ ಹೆಗಲಿಗೆ ಬಂದರೂ ಅದೇ ಸರಿಯಾದ ಭಾಗ.

ಮೂರನೆಯದು ಸುತ್ತು. ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಇದರ ಬಗ್ಗೆ ಮಾತೇ ಆಗಿಲ್ಲ. ಪಟ್ಟಿಯನ್ನು ಚೀಲದ ಮೇಲಂಚಿನ ಎರಡು ಬಳೆಗಳಿಗೆ ಸಿಕ್ಕಿಸಿದರೆ ಅಷ್ಟೂ ಭಾರ ಎರಡು ಹೊಲಿಗೆಗಳ ಮೇಲೆ ನಿಲ್ಲುತ್ತದೆ. ಬಟ್ಟೆ ಮೆತ್ತಗಿದ್ದರೆ ತಳ ಜೋತುಬೀಳುತ್ತದೆ. ಜೋತುಬೀಳಬಾರದೆಂದು ಗೋಡೆಗಳನ್ನು ಗಟ್ಟಿ ಮಾಡಬೇಕು, ತಳಕ್ಕೆ ಹಲಗೆ ಕೊಡಬೇಕು, ಒಳಗೆ ಫೋಮ್ ತುಂಬಬೇಕು. ಚೀಲ ಪೆಟ್ಟಿಗೆಯಾಗುವುದು ಹೀಗೆ. ಪಟ್ಟಿ ತಳದ ಕೆಳಗೆ ಹಾದರೆ ಭಾರವನ್ನು ಪಟ್ಟಿಯೇ ಎತ್ತಿ ಹಿಡಿಯುತ್ತದೆ, ಬಟ್ಟೆಗೆ ಉಳಿಯುವುದು ಸುತ್ತಿಕೊಂಡಿರುವ ಕೆಲಸ ಮಾತ್ರ. ಆಗ ಬಟ್ಟೆ ಎಷ್ಟು ಮೆತ್ತಗಿದ್ದರೂ ನಡೆಯುತ್ತದೆ. ಎಫ್-2ರಲ್ಲಿ ಪ್ಯಾಡಿಂಗ್ ‘ಮರೆತುಹೋದದ್ದಲ್ಲ’. ಪಟ್ಟಿಯನ್ನು ಹಾಗೆ ಹೊಲಿದ ಮೇಲೆ ಅದರ ಅಗತ್ಯವೇ ಉಳಿಯಲಿಲ್ಲ. ತಳಕ್ಕೊಂದು ತೆಳು ಹಾಸು, ಲೆನ್ಸುಗಳು ಒಂದಕ್ಕೊಂದು ತಾಗದಂತೆ ನಾಲ್ಕು ಖಾನೆಯ ಒಂದು ಒಳಗೂಡು, ಅಷ್ಟೇ.

ಮೆತ್ತಗಿರುವುದರ ಲಾಭ ನಡೆಯುವಾಗ ಗೊತ್ತಾಗುತ್ತದೆ. ಪೆಟ್ಟಿಗೆಯಂಥ ಚೀಲದ ಒಳಗೋಡೆ ಸೊಂಟಕ್ಕೆ ಒಂದು ಕಡೆ ಮಾತ್ರ ತಾಗುತ್ತದೆ, ಉಳಿದದ್ದು ದೇಹದಿಂದ ದೂರ ನಿಲ್ಲುತ್ತದೆ. ಭಾರ ದೇಹದಿಂದ ದೂರವಾದಷ್ಟೂ ನಾವು ಇನ್ನೊಂದು ಪಕ್ಕಕ್ಕೆ ವಾಲಬೇಕು. ಮೆತ್ತನೆಯ ಕ್ಯಾನ್ವಾಸ್ ಸೊಂಟದ ಬಳುಕಿಗೆ ತಾನೇ ಬಗ್ಗಿ ಅಂಟಿಕೊಳ್ಳುತ್ತದೆ. ಕ್ಯಾಮೆರಾ ಹೊರತೆಗೆದು ಕೈಯಲ್ಲಿ ಹಿಡಿದರೆ ಚೀಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಬೆಳಿಗ್ಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆಗಳ ನಡುವೆ ನುಸುಳಿದವರಿಗೆ ಇದರ ಬೆಲೆ ಗೊತ್ತು. ಖಾಲಿಯಾದರೂ ಉಬ್ಬಿಯೇ ಇರುವ ಚೀಲ ಅಲ್ಲಿ ಪ್ರತಿಯೊಬ್ಬರ ಮೊಣಕೈಗೂ ತಾಗುತ್ತದೆ, ಪ್ರತಿಯೊಬ್ಬರೂ ತಿರುಗಿ ನೋಡುತ್ತಾರೆ. ಕ್ಯಾಮೆರಾ ಹಿಡಿದವನಿಗೆ ಬೇಡವಾದದ್ದು ಅದೇ.

ನಮ್ಮ ಕಡೆ ಇದು ಹೊಸ ತಿಳಿವಳಿಕೆಯೇನಲ್ಲ. ಸಂತೆಗೆ ಹೋಗುವವರು ಹೆಗಲಿಗೆ ಹಾಕುತ್ತಿದ್ದ ಹಸುಬೆ ಚೀಲದಲ್ಲಿ ಬಟ್ಟೆಯ ನಡುಭಾಗವೇ ಹೆಗಲ ಮೇಲೆ ಅಗಲವಾಗಿ ಹರಡಿಕೊಂಡು, ಎದೆಗೊಂದು ಬೆನ್ನಿಗೊಂದು ಗಂಟು ತೂಗುತ್ತಿತ್ತು. ಪಟ್ಟಿ ಬೇರೆ, ಚೀಲ ಬೇರೆ ಎಂಬ ಭೇದ ಅಲ್ಲಿರಲಿಲ್ಲ. ಹೊರುವ ಭಾಗದ್ದೇ ಮೊದಲ ಲೆಕ್ಕ, ತುಂಬುವ ಭಾಗದ್ದು ಆಮೇಲಿನದು. ಫಿಲಡೆಲ್ಫಿಯಾದ ಛಾಯಾಗ್ರಾಹಕ ಇದನ್ನು ನೋಡಿರಲಿಕ್ಕಿಲ್ಲ. ದಿನವೂ ಹೊರುವವರ ವಿವೇಕ ಎಲ್ಲ ಕಡೆಯೂ ಒಂದೇ ತೀರ್ಮಾನಕ್ಕೆ ಬರುತ್ತದೆ.

ಹಾಗಿದ್ದರೆ ಇಷ್ಟು ಸರಳವಾದ ಸಂಗತಿ ವಿಮರ್ಶೆಗಳಲ್ಲಿ ಏಕೆ ಕಾಣುವುದಿಲ್ಲ? ಈಗಿನ ಚೀಲ ವಿಮರ್ಶೆ ನಡೆಯುವುದು ಮೇಜಿನ ಮೇಲೆ. ಚೆನ್ನಾಗಿ ಬೆಳಕು ಬಿಟ್ಟ ಕೋಣೆಯಲ್ಲಿ ಚೀಲವನ್ನು ನಿಲ್ಲಿಸಿ, ಜಿಪ್ಪು ಎಳೆದು, ಒಂದೊಂದೇ ಲೆನ್ಸ್ ಹೊರತೆಗೆದು ಸಾಲಾಗಿ ಜೋಡಿಸುತ್ತಾರೆ. ಎಷ್ಟು ಹಿಡಿಸಿತು, ಎಷ್ಟು ಜೇಬು, ಲ್ಯಾಪ್‌ಟಾಪ್‌ಗೆ ಜಾಗ ಎಲ್ಲಿ ಎಂಬ ಲೆಕ್ಕ ಶುರುವಾಗುತ್ತದೆ. ಆ ಮೇಜಿನ ಮೇಲೆ ಗಟ್ಟಿ ಗೋಡೆಯ ಚೀಲ ಅಂದವಾಗಿ ನಿಲ್ಲುತ್ತದೆ, ಎಫ್-2 ಮುದುಡಿ ಬೀಳುತ್ತದೆ. ಮೇಜಿಗೆ ಹೆಗಲಿಲ್ಲ, ಇಳಿಜಾರಿಲ್ಲ, ಬೆವರಿಲ್ಲ. ಅಲ್ಲಿ ಗೆದ್ದ ಚೀಲ ಚೆನ್ನಾಗಿ ನಿಲ್ಲುತ್ತದೆ ಎಂದಷ್ಟೇ ಸಾಬೀತಾಯಿತು. ಹೊರಲು ಮಾಡಿದ ವಸ್ತುವನ್ನು ಹೊರದೆ ಅಳೆಯುವುದು ವಿಮರ್ಶೆಯಲ್ಲ, ಅಂಗಡಿಯ ಕೆಲಸ. ಪೀಕ್ ಡಿಸೈನ್‌ನ ಚೀಲಕ್ಕೆ ಸಿಕ್ಕ ಹೊಗಳಿಕೆಯ ಬಹುಪಾಲು ಹೀಗೆ ಸಿಕ್ಕದ್ದು. ತುಂಬಿದಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಸಿಕ್ಕಿಕೊಳ್ಳುವ ಅದರ ಅಯಸ್ಕಾಂತದ ಚಿಲಕ, ಬೇಕಾದಂತೆ ಮಡಚುವ ಒಳಗೋಡೆ, ಎರಡರಲ್ಲೂ ಜಾಣ್ಮೆಯಿದೆ. ಆ ಜಾಣ್ಮೆಯೆಲ್ಲ ತೆರೆಯುವ ಮತ್ತು ಜೋಡಿಸುವ ಕ್ಷಣಗಳಿಗೆ ಮೀಸಲಾಗಿದೆ. ತೆರೆಯುವುದು ದಿನದಲ್ಲಿ ಕೆಲವೇ ಸಲ, ಹೊರುವುದು ದಿನವಿಡೀ.

ಇನ್ನೊಂದು ಪಂಗಡ ಪ್ಯಾಡಿಂಗ್ ಭಕ್ತರದು. ಲಕ್ಷಗಟ್ಟಲೆ ಬೆಲೆಯ ಸಾಮಾನನ್ನು ಬರೀ ಬಟ್ಟೆಯಲ್ಲಿ ಹಾಕುವುದೇ ಎಂದು ಅವರು ಗಾಬರಿಯಾಗುತ್ತಾರೆ. ವಿಮಾನದ ಸರಕಿಗೆ ಹಾಕುವುದಾದರೆ, ಬಸ್ಸಿನ ಡಿಕ್ಕಿಯಲ್ಲಿ ಬಿಸಾಡುವುದಾದರೆ ಅವರ ಮಾತು ಸರಿ; ಅದಕ್ಕೆ ಗಟ್ಟಿ ಪೆಟ್ಟಿಗೆಗಳೇ ಬೇರೆ ಇವೆ. ಹೆಗಲ ಚೀಲ ಇರುವುದು ಮನುಷ್ಯನ ಮೈಗೆ ಅಂಟಿಕೊಂಡು. ತನ್ನ ಸೊಂಟಕ್ಕೆ ಪೆಟ್ಟು ಬೀಳದ ಹಾಗೆ ನಡೆಯುವವನು ಚೀಲವನ್ನೂ ಕಾಪಾಡಿಕೊಳ್ಳುತ್ತಾನೆ. ದಪ್ಪ ಫೋಮ್ ಭದ್ರತೆಯ ಜೊತೆಗೆ ಗಾತ್ರವನ್ನೂ ತೂಕವನ್ನೂ ತರುತ್ತದೆ, ಚೀಲ ಭಾರವಾದಷ್ಟೂ ಅದನ್ನು ಮನೆಯಲ್ಲೇ ಬಿಟ್ಟುಹೋಗುವ ದಿನಗಳು ಹೆಚ್ಚುತ್ತವೆ.

ಮೂರನೆಯವರು ಬೆನ್ನಚೀಲದ ಪಕ್ಷದವರು. ಎರಡು ಹೆಗಲಿಗೆ ಹಂಚಿದರೆ ಮುಗಿಯಿತಲ್ಲ ಎನ್ನುತ್ತಾರೆ. ಕುದುರೆಮುಖ ಹತ್ತುವವರಿಗೆ ಆ ಮಾತು ಒಪ್ಪುವಂಥದ್ದು. ಆದರೆ ಬೀದಿಯಲ್ಲಿ ಲೆನ್ಸ್ ಬದಲಿಸಲು ಚೀಲ ಬಿಚ್ಚಿ ನೆಲಕ್ಕಿಟ್ಟು ಬಗ್ಗಬೇಕಾದವನ ಕಣ್ಣಮುಂದಿನ ಚಿತ್ರ ಕಾಯುತ್ತ ನಿಂತಿರುವುದಿಲ್ಲ. ಇಲ್ಲಿ ತೂಕದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಬೇಕು. ಸೋನಿ ಎ7 ಫೋರ್ ಕ್ಯಾಮೆರಾ 658 ಗ್ರಾಂ. ಅದಕ್ಕೆ ಎರಡನೇ ಪೀಳಿಗೆಯ 24-70 ಜಿ ಮಾಸ್ಟರ್ 695, ಅದೇ ಪೀಳಿಗೆಯ 70-200 ಟ್ರೈಪಾಡ್ ಕಾಲರ್ ಬಿಟ್ಟು 1,045. ಒಟ್ಟು ಸುಮಾರು 2.4 ಕಿಲೋ, ಚೀಲದ ತೂಕ ಬೇರೆ. ಫ್ಯೂಜಿಫಿಲ್ಮ್ ಎಕ್ಸ್-ಟಿ5 ಜೊತೆ ಎಫ್/2 ಅಪರ್ಚರಿನ 23 ಮತ್ತು 50 ಎಂ.ಎಂ. ಲೆನ್ಸುಗಳನ್ನಿಟ್ಟರೆ ಒಂದು ಕಿಲೋ ಕೂಡ ಆಗುವುದಿಲ್ಲ. ಒಂದೇ ಹೆಗಲಿಗೆ ಎರಡನೆಯದು ಸುಖ, ಮೊದಲನೆಯದು ಸಹ್ಯ. ಅದಕ್ಕೂ ಮೇಲೆ ಹೋದರೆ ಯಾವ ಪಟ್ಟಿಯೂ ನಿಮ್ಮನ್ನು ಕಾಪಾಡದು. ಅದು ಚೀಲದ ಸೋಲಲ್ಲ, ಆಯ್ಕೆಯ ಸೋಲು.

ಎಫ್-2ಗೆ ದೋಷಗಳಿಲ್ಲವೆಂದಲ್ಲ. ಹತ್ತಿಯ ಕ್ಯಾನ್ವಾಸ್ ನೀರು ಕುಡಿಯುತ್ತದೆ. ಆಗುಂಬೆಯ ಮಳೆಗೆ ಅದು ಏನೇನೂ ಸಾಲದು. ಅಲ್ಲಿ ಬಟ್ಟೆಯ ಪದರಗಳ ನಡುವೆ ರಬ್ಬರು ಸೇರಿಸಿರುವ ಬಿಲ್ಲಿಂಗ್‌ಹ್ಯಾಮ್ ಹ್ಯಾಡ್ಲಿಯೇ ವಾಸಿ, ಆದರೆ ಹೆಗಲ ಮೆತ್ತೆಯನ್ನು ಬೇರೆ ಕೊಳ್ಳಬೇಕು, ಚರ್ಮ ಮತ್ತು ಹಿತ್ತಾಳೆ ದೂರದಿಂದಲೇ ಬೆಲೆ ಸಾರುತ್ತವೆ. ಡಾಮ್ಕಿಯ ಉಕ್ಕಿನ ಕೊಂಡಿಗಳು ಸದ್ದು ಮಾಡುತ್ತವೆ. ರಬ್ಬರಿನ ಎಳೆ ತೆಳು ಅಂಗಿಯನ್ನು ಸವೆಸುತ್ತದೆ, ರೇಷ್ಮೆ ಸೀರೆಯ ಮೇಲಂತೂ ಹಾಕುವ ಹಾಗಿಲ್ಲ. ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಹಾಕಿಕೊಂಡು ಚೀಲ ತಿರುಗಿಸಿದರೆ ಅಂಗಿಯೂ ಜೊತೆಗೆ ಎಳೆದುಬರುತ್ತದೆ. ಇದಕ್ಕಿಂತ ಗಂಭೀರವಾದ ದೋಷ ಗಾತ್ರ. ಎಫ್-2 ಎರಡು ಫಿಲ್ಮ್ ಕ್ಯಾಮೆರಾ ಹೊರುತ್ತಿದ್ದವರ ಅಳತೆಯದು. ಇಂದಿನ ಮಿರರ್‌ಲೆಸ್ ಬಳಕೆದಾರರಿಗೆ ಅದರಲ್ಲಿ ಜಾಗ ಉಳಿಯುತ್ತದೆ, ಉಳಿದ ಜಾಗವನ್ನು ತುಂಬುವ ಆಸೆಯೂ ಹುಟ್ಟುತ್ತದೆ. ಅಂಥವರಿಗೆ ಅದೇ ಬಳಗದ, ತೆಳ್ಳಗಿನ ಎಫ್-803 ಹೆಚ್ಚು ಸರಿ. ಇವೆಲ್ಲ ಸಣ್ಣವಲ್ಲ, ಆದರೆ ಇವ್ಯಾವುವೂ ಪಟ್ಟಿಯ ತರ್ಕವನ್ನು ಅಲುಗಿಸುವುದಿಲ್ಲ.

ಈ ಚೀಲವನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಅದು ಎಲ್ಲ ಅಂಗಡಿಗಳಲ್ಲೂ ಸಿಕ್ಕುವುದಿಲ್ಲ, ಎಲ್ಲರ ಕೈಗೆಟಕುವುದೂ ಇಲ್ಲ. ಯಾವುದನ್ನು ಕೊಳ್ಳುವುದಿದ್ದರೂ ನಿಮ್ಮ ಸಾಮಾನನ್ನು ಅಂಗಡಿಗೆ ಒಯ್ಯಿರಿ. ಚೀಲದಲ್ಲಿ ತುಂಬಿ, ಅಡ್ಡ ಹಾಕಿಕೊಳ್ಳದೆ ಒಂದೇ ಹೆಗಲಿಗೆ ನೇತುಹಾಕಿ ಅತ್ತಿತ್ತ ನಡೆಯಿರಿ, ಕನ್ನಡಿಯ ಮುಂದೆ ನಿಲ್ಲಿ. ಆ ಹೆಗಲು ಮೇಲೇರಿದ್ದರೆ ಚೀಲವನ್ನು ವಾಪಸ್ ಕೊಡಿ, ಮೆತ್ತೆ ಎಷ್ಟೇ ಮೃದುವಾಗಿರಲಿ. ಕ್ಯಾಮೆರಾ ಹೊರತೆಗೆಯಿರಿ, ಚೀಲ ಕುಗ್ಗದಿದ್ದರೆ ನೀವು ಕೊಳ್ಳುತ್ತಿರುವುದು ಪೆಟ್ಟಿಗೆ. ನೋಡದೆ ಒಂದೇ ಕೈಯಲ್ಲಿ ಮುಚ್ಚಳ ತೆರೆಯಿರಿ. ಜೇಬುಗಳನ್ನು ಎಣಿಸುವುದು ಇಷ್ಟೆಲ್ಲ ಆದ ಮೇಲೆ.

ಡಾಮ್ಕಿ ಎಫ್-2 ಇಂದಿಗೂ ಅಳತೆಗೋಲು. ಅದಕ್ಕಿಂತ ಚೆನ್ನಾಗಿ ನೀರು ತಡೆಯುವ, ಚೆನ್ನಾಗಿ ಮುಚ್ಚಿಕೊಳ್ಳುವ, ಚೆನ್ನಾಗಿ ಕಾಣುವ ಚೀಲಗಳು ಬಂದಿವೆ, ಇನ್ನೂ ಬರುತ್ತವೆ. ಹೊರುವುದರಲ್ಲಿ ಅದನ್ನು ಮೀರಿಸಿದೆ ಎಂದು ಹೇಳುವವರು ಮೊದಲು ಪಟ್ಟಿಯ ಮಾತಾಡಲಿ, ಚೀಲವನ್ನು ಒಂದು ಪೂರ್ತಿ ದಿನ ಹೊತ್ತು ನಡೆದ ಮೇಲೆ ಆಡಲಿ. ಅಲ್ಲಿಯವರೆಗೆ ‘ಪ್ಯಾಡಿಂಗ್ ಇಲ್ಲ’ ಎಂಬ ಆ ಒಂದು ಸಾಲನ್ನು ವಿಮರ್ಶೆ ಎಂದು ನಾನು ಒಪ್ಪುವುದಿಲ್ಲ.